ಮೈಸೂರಿಗೆ ಓದಲು ಬಂದವರು ಮೊದಲು ಯಾವ ಗ್ರಂಥಾಲಯಕ್ಕೆ ಹೋಗಬೇಕು?

ವಿಶ್ವವಿದ್ಯಾನಿಲಯದಲ್ಲಿ ಸೀಟು ಸಿಕ್ಕಿತು ಎಂದರೆ ಗುರುತಿನ ಚೀಟಿ ಕೈಗೆ ಬಂತು ಎಂದಲ್ಲ. ಶುಲ್ಕದ ರಸೀದಿ, ಮೂಲ ದಾಖಲೆಗಳ ಪರಿಶೀಲನೆ, ವಲಸೆ ಪ್ರಮಾಣಪತ್ರ ಎಂದು ವಿಭಾಗಕ್ಕೂ ಆಡಳಿತ ಕಚೇರಿಗೂ ಓಡಾಡುವುದರಲ್ಲೇ ಹೊಸಬರ ಮೊದಲ ವಾರಗಳು ಕಳೆದುಹೋಗುತ್ತವೆ. ಪಾಠ ಅಷ್ಟು ದಿನ ಕಾಯುವುದಿಲ್ಲ. ಮೇಷ್ಟರು ಶುರುವಿನಲ್ಲೇ ಓದಬೇಕಾದ ಪುಸ್ತಕಗಳ ಹೆಸರು ಬರೆಸುತ್ತಾರೆ. ಆ ಪಟ್ಟಿ ಹಿಡಿದು ಯಾವುದೇ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗಿ, ಬಾಗಿಲಲ್ಲಿ ಕೇಳುವ ಮೊದಲ ಮಾತು ‘ಐಡಿ ಕಾರ್ಡ್ ತೋರಿಸಿ’. ಹನೂರಿನಿಂದಲೋ ಎಚ್.ಡಿ. ಕೋಟೆಯಿಂದಲೋ ಬಂದ, ತನ್ನ ಮನೆತನದಲ್ಲೇ ಮೊದಲ ಬಾರಿಗೆ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ಹುಡುಗಿ ಆ ಮಾತಿಗೆ ಅಳುಕಿ ಹಿಂದಕ್ಕೆ ಹೊರಟರೆ, ಮತ್ತೆ ಆ ಬಾಗಿಲಿಗೆ ಬರುವಷ್ಟರಲ್ಲಿ ಒಂದು ಸೆಮಿಸ್ಟರ್ ಮುಗಿದಿರುತ್ತದೆ. ಕೆಲವರು ಬರುವುದೇ ಇಲ್ಲ. ಸೀನಿಯರುಗಳ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಎರಡು ವರ್ಷ ಕಳೆದು ಪದವಿ ಪಡೆದು ಹೋಗುತ್ತಾರೆ. ಅವರು ಕಳೆದುಕೊಂಡದ್ದು ಎಷ್ಟೆಂದು ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಮೈಸೂರಿನಲ್ಲಿ ಗ್ರಂಥಾಲಯಗಳಿಗೆ ಕೊರತೆಯಿಲ್ಲ. ಆದರೆ ಅವೆಲ್ಲ ಒಂದೇ ಉದ್ದೇಶಕ್ಕೆ ಹುಟ್ಟಿದವಲ್ಲ. ಒಂದು ಊರಿನ ಎಲ್ಲರಿಗಾಗಿ ಇದೆ, ಇನ್ನೊಂದು ತನ್ನ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮೀಸಲು, ಮತ್ತೊಂದು ಹಳೆಯದನ್ನು ಉಳಿಸಿಕೊಳ್ಳಲು ಕಟ್ಟಿದ್ದು. ಬಾಗಿಲಲ್ಲಿ ಏನು ಕೇಳುತ್ತಾರೆ, ಯಾವ ಕಾಗದ ಬೇಕು, ಪುಸ್ತಕ ಮನೆಗೆ ಕೊಡುತ್ತಾರೋ ಇಲ್ಲವೋ ಎಂಬುದೆಲ್ಲ ಆ ಉದ್ದೇಶದಿಂದ ಬಂದದ್ದು. ಇದು ತಿಳಿದವರಿಗೆ ಬಾಗಿಲಲ್ಲಿ ತಡೆದದ್ದು ಅವಮಾನ ಅನ್ನಿಸುವುದಿಲ್ಲ. ಯಾವ ಕಾಗದ ತಂದರೆ ಒಳಗೆ ಹೋಗಬಹುದು ಎಂದು ಕೇಳುವ ಧೈರ್ಯ ಬರುತ್ತದೆ.

ಗುರುತಿನ ಚೀಟಿ ಇಲ್ಲದ ಆ ವಾರಗಳಲ್ಲಿ ಹೋಗಬೇಕಾದದ್ದು ಸಯ್ಯಾಜಿರಾವ್ ರಸ್ತೆಯ ನಗರ ಕೇಂದ್ರ ಗ್ರಂಥಾಲಯಕ್ಕೆ. ದೂರವಾದರೆ, ನೀವು ರೂಮು ಮಾಡಿರುವ ಬಡಾವಣೆಗೆ ಹತ್ತಿರದ ಶಾಖಾ ಗ್ರಂಥಾಲಯಕ್ಕೆ. ಅಲ್ಲಿ ಕುಳಿತು ಓದಲು ಸದಸ್ಯತ್ವ ಬೇಡ, ಶುಲ್ಕ ಬೇಡ, ಯಾವ ಊರಿನವರು, ಏನು ಓದುತ್ತಿದ್ದೀರಿ ಎಂದು ಹೇಳಬೇಕಾಗಿಯೂ ಇಲ್ಲ. ಒಳಗೆ ಹೋಗಿ ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಕುಳಿತರೆ ಆಯಿತು. ಭಾನುವಾರ ತೆರೆದಿರುತ್ತದೆ, ವಾರದ ರಜೆ ಸೋಮವಾರ. ಕಾಲೇಜಿಗೆ ರಜೆ ಇರುವ ದಿನ ಓದಲು ಜಾಗ ಬೇಕಾದವರಿಗೆ ಇದೊಂದು ದೊಡ್ಡ ಅನುಕೂಲ.

ಈ ಮುಕ್ತ ಬಾಗಿಲ ಹಿಂದೆ ಒಂದು ಕಾನೂನಿದೆ. 1965ರಲ್ಲಿ ಆಗಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಮಾಡಿತು, ಮರುವರ್ಷ ಅದು ಜಾರಿಗೆ ಬಂತು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಅವರ ಚಿಂತನೆಯ ಮುದ್ರೆ ಅದರ ಮೇಲಿದೆ. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದನ್ನು 1931ರಲ್ಲೇ ಅವರು ಗ್ರಂಥಾಲಯದ ಮೊದಲ ಸೂತ್ರವನ್ನಾಗಿ ಮಾಡಿದ್ದರು. ಆ ಕಾಯ್ದೆಯಂತೆ ನಗರದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಪಡುವಾರಹಳ್ಳಿಯಲ್ಲೋ ಸರಸ್ವತಿಪುರಂನಲ್ಲೋ ರೂಮಿಗೆ ಬಾಡಿಗೆ ಕೊಡುವ ವಿದ್ಯಾರ್ಥಿ ಇದನ್ನು ನೆನಪಿಟ್ಟುಕೊಳ್ಳಬೇಕು. ಮನೆ ಮಾಲೀಕರು ಕಟ್ಟುವ ತೆರಿಗೆ ಬಾಡಿಗೆಯಿಂದಲೇ ಹೋಗುತ್ತದೆ, ಆ ತೆರಿಗೆಯಲ್ಲಿ ಗ್ರಂಥಾಲಯದ ಪಾಲೂ ಇದೆ. ಊರಿಗೆ ಹೊಸಬರಾದರೂ ಆ ಓದುವ ಮೇಜಿಗೆ ನೀವು ದುಡ್ಡು ಕೊಟ್ಟಿದ್ದೀರಿ. ಅಲ್ಲಿ ಕೂರುವುದು ಯಾರ ದಯೆಯೂ ಅಲ್ಲ.

ಪುಸ್ತಕವನ್ನು ರೂಮಿಗೆ ತರಬೇಕಾದರೆ ಮಾತ್ರ ಸದಸ್ಯತ್ವ ಬೇಕು. ಇಲ್ಲಿ ಹೊಸಬರಿಗೆ ತೊಡಕಾಗುವುದು ವಿಳಾಸ. ಆಧಾರ್‌ನಲ್ಲಿ ಊರಿನ ವಿಳಾಸವಿರುತ್ತದೆ, ರೂಮಿಗೆ ಕರಾರು ಪತ್ರ ಇರುವುದಿಲ್ಲ. ಇಂಥವರು ಕಾಲೇಜಿನ ವ್ಯಾಸಂಗ ಪ್ರಮಾಣಪತ್ರವನ್ನೋ, ಹಾಸ್ಟೆಲ್ ವಾರ್ಡನ್ ಅವರ ಪತ್ರವನ್ನೋ ಜೊತೆಗೆ ತೆಗೆದುಕೊಂಡು ಹೋಗಿ ಗ್ರಂಥಪಾಲಕರನ್ನೇ ನೇರವಾಗಿ ಕೇಳುವುದು ಒಳ್ಳೆಯದು. ಕೌಂಟರಿನಲ್ಲಿ ಇಲ್ಲ ಎಂದದ್ದು ಒಳಗಿನ ಕೋಣೆಯಲ್ಲಿ ಆಗುವುದುಂಟು. ಏಕೆಂದರೆ ಕಾಗದಪತ್ರ ನೋಡಿ ಒಪ್ಪುವ ಅಧಿಕಾರ ಇರುವುದು ಅವರಿಗೆ. ಕಟ್ಟುವ ಹಣದಲ್ಲಿ ದೊಡ್ಡ ಭಾಗ ಠೇವಣಿ, ಸದಸ್ಯತ್ವ ಬಿಡುವಾಗ ವಾಪಸ್ ಸಿಗುವಂಥದ್ದು. ಅದರ ರಸೀದಿಯನ್ನು ಅಂಕಪಟ್ಟಿಗಳ ಜೊತೆಗೇ ಇಟ್ಟುಕೊಳ್ಳಿ.

ಸಾರ್ವಜನಿಕ ಗ್ರಂಥಾಲಯದಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಕನ್ನಡದ ಕಾದಂಬರಿ, ಕಥೆ, ಕಾವ್ಯ, ಜೀವನ ಚರಿತ್ರೆ, ದಿನಪತ್ರಿಕೆ, ವಾರಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಮಾಸಿಕಗಳು ಇಲ್ಲಿ ಧಾರಾಳ. ಭೌತಶಾಸ್ತ್ರದ ಎಂ.ಎಸ್ಸಿ. ಪಠ್ಯವನ್ನು ಇಲ್ಲಿ ಹುಡುಕಿ ನಿರಾಶರಾಗಬೇಡಿ, ಅದು ಇದರ ಕೆಲಸವಲ್ಲ. ಆದರೆ ಸಾಹಿತ್ಯ, ಇತಿಹಾಸ, ಪತ್ರಿಕೋದ್ಯಮ ಓದುವವರಿಗೆ ಒಂದು ಮಾತು: ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಇಲ್ಲದ ಎಷ್ಟೋ ಜನಪ್ರಿಯ ಕಾದಂಬರಿಗಳು, ಈಗ ಅಂಗಡಿಯಲ್ಲಿ ಸಿಗದ ಹಳೆಯ ಮುದ್ರಣಗಳು ಶಾಖಾ ಗ್ರಂಥಾಲಯದ ಕಪಾಟಿನಲ್ಲಿ ಬಟ್ಟೆಯ ಬೈಂಡಿನಲ್ಲಿ ಕುಳಿತಿರುತ್ತವೆ. ವಿದ್ವಾಂಸರು ಗಂಭೀರ ಸಾಹಿತ್ಯವಲ್ಲ ಎಂದು ಪಕ್ಕಕ್ಕಿಟ್ಟ ಪುಸ್ತಕಗಳನ್ನು ಉಳಿಸಿದ್ದು ಬಹುಮಟ್ಟಿಗೆ ಊರಿನ ಸಾಮಾನ್ಯ ಓದುಗರ ಗ್ರಂಥಾಲಯಗಳು.

ಇವುಗಳ ಸ್ಥಿತಿ ಎಲ್ಲ ಕಡೆ ಚೆನ್ನಾಗಿದೆ ಎಂದು ಹೇಳುವುದು ಸುಳ್ಳಾಗುತ್ತದೆ. ಓದುವ ಕೋಣೆಗಳು ಬೆಳಿಗ್ಗೆಯೇ ತುಂಬುತ್ತವೆ. ತುಂಬುವವರಲ್ಲಿ ಬಹುಪಾಲು ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಪರೀಕ್ಷೆಗೆ ತಮ್ಮದೇ ಪುಸ್ತಕ ತಂದು ಓದುವ ಯುವಕರು. ಅವರಿಗೆ ಜಾಗ ಬೇಕೇ ಬೇಕು. ಖಾಸಗಿ ರೀಡಿಂಗ್ ರೂಮಿಗೆ ತಿಂಗಳು ತಿಂಗಳು ದುಡ್ಡು ಕೊಡಲಾಗದವರು ಎಲ್ಲಿಗೆ ಹೋಗಬೇಕು? ಜಾಗ ಸಾಲದಿರುವುದು ಅವರ ತಪ್ಪಲ್ಲ. ವಸೂಲಾದ ಗ್ರಂಥಾಲಯ ಕರವನ್ನು ನಗರ ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಸಕಾಲಕ್ಕೆ ಪೂರ್ತಿಯಾಗಿ ಕೊಡುವುದಿಲ್ಲ ಎಂಬ ದೂರು ರಾಜ್ಯದಲ್ಲಿ ಬಹಳ ಹಳೆಯದು. ಜನ ಓದಿಗೆಂದು ಕೊಟ್ಟ ದುಡ್ಡು ಓದಿಗೇ ಹೋಗಬೇಕು. ಇದರಲ್ಲಿ ಎರಡನೆಯ ಮಾತಿಗೆ ಅವಕಾಶವಿಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಪತ್ರಿಕೆ ಓದುವ ಕೋಣೆಗೆ ಸಂಜೆ ಹೋಗಿ ನೋಡಿ, ಗಂಡಸರೇ ತುಂಬಿರುತ್ತಾರೆ. ಹಾಸ್ಟೆಲಿನ ಬಾಗಿಲು ಮುಚ್ಚುವ ಹೊತ್ತಿಗೂ ಗ್ರಂಥಾಲಯ ಮುಚ್ಚುವ ಹೊತ್ತಿಗೂ ಹೊಂದಾಣಿಕೆಯಿಲ್ಲದ ಕಡೆ ಹುಡುಗಿಯರಿಗೆ ಸಂಜೆಯ ಓದು ತಪ್ಪಿಹೋಗುತ್ತದೆ. ಹುಡುಗರಿಗೆ ಸಿಗುವ ಆ ಎರಡು ಮೂರು ಗಂಟೆ ವರ್ಷವಿಡೀ ಸೇರಿದರೆ ಅದು ಸಣ್ಣ ವ್ಯತ್ಯಾಸವಲ್ಲ. ಹೊಸದಾಗಿ ಬಂದ ವಿದ್ಯಾರ್ಥಿನಿಯರು ಜೊತೆಯವರೊಂದಿಗೆ ಸೇರಿ ಗುಂಪಾಗಿ ಹೋಗಿ ಕೂರುವುದನ್ನು ರೂಢಿ ಮಾಡಿಕೊಳ್ಳಬೇಕು. ಪ್ರತ್ಯೇಕ ಆಸನವಿದ್ದರೆ ಕೇಳಿ ಪಡೆಯಬೇಕು, ಇಲ್ಲದಿದ್ದರೆ ಮಾಡಿಕೊಡಿ ಎಂದು ಬರೆದು ಕೊಡಬೇಕು. ವಾರ್ಡನ್‌ಗಳಿಗೆ ನನ್ನ ವಿನಂತಿ ಇಷ್ಟೇ: ಗ್ರಂಥಾಲಯದಿಂದ ತಡವಾಗಿ ಬಂದ ಹುಡುಗಿಯನ್ನು ತಪ್ಪಿತಸ್ಥಳಂತೆ ನಿಲ್ಲಿಸಬೇಡಿ.

ಇನ್ನು ಗುರುತಿನ ಚೀಟಿ ಕೈಗೆ ಬಂದ ಮೇಲೆ ಮಾನಸಗಂಗೋತ್ರಿ. ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಕುಕ್ಕರಹಳ್ಳಿ ಕೆರೆಯ ಪಕ್ಕದ ಈ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುಲಪತಿಯಾಗಿದ್ದ ಕುವೆಂಪು. ಇಲ್ಲಿ ಪ್ರತಿ ವಿಭಾಗಕ್ಕೂ ತನ್ನದೇ ಪುಸ್ತಕ ಸಂಗ್ರಹ ಇರುವುದುಂಟು, ಅದರಾಚೆ ಇಡೀ ವಿಶ್ವವಿದ್ಯಾನಿಲಯಕ್ಕೆ ಒಂದು ಮುಖ್ಯ ಗ್ರಂಥಾಲಯ. ಚೀಲವನ್ನು ಪ್ರಾಪರ್ಟಿ ಕೌಂಟರಿನಲ್ಲಿಟ್ಟು ಟೋಕನ್ ತೆಗೆದುಕೊಳ್ಳುವುದು, ವಹಿಯಲ್ಲಿ ಸಹಿ ಮಾಡುವುದು, ನೋಟ್‌ಬುಕ್ಕು ಪೆನ್ನು ಮಾತ್ರ ಒಳಗೆ ಒಯ್ಯುವುದು ಇಂಥ ಗ್ರಂಥಾಲಯಗಳ ರೂಢಿ. ಇದೆಲ್ಲ ನಿಮ್ಮ ಮೇಲಿನ ಅನುಮಾನವಲ್ಲ, ಮುಂದಿನ ವರ್ಷ ಬರುವವರಿಗೂ ಆ ಪುಸ್ತಕ ಇರಲಿ ಎಂಬ ಕಾಳಜಿ.

ಒಳಗೆ ಹೋದವರು ನೇರ ಕಪಾಟಿನ ಸಾಲುಗಳಿಗೆ ನುಗ್ಗಿ ಸೋತು ಬರುವುದನ್ನು ಬಹಳ ಸಲ ಕಂಡಿದ್ದೇನೆ. ಮೊದಲು ಕೂರಬೇಕಾದದ್ದು ಕಂಪ್ಯೂಟರಿನ ಮುಂದೆ, ಓಪ್ಯಾಕ್ ಎನ್ನುವ ಸೂಚಿಯ ಬಳಿ. ಇಂಗ್ಲಿಷ್ ಪುಸ್ತಕವನ್ನು ಹುಡುಕುವುದು ಸುಲಭ. ಕನ್ನಡ ಪುಸ್ತಕ ಹುಡುಕುವುದು ಮಾತ್ರ ಒಂದು ವಿದ್ಯೆಯೇ, ಅದನ್ನು ಯಾರೂ ತರಗತಿಯಲ್ಲಿ ಹೇಳಿಕೊಡುವುದಿಲ್ಲ. ಕನ್ನಡದ ಹೆಸರುಗಳು ಪಾಶ್ಚಾತ್ಯ ಸೂಚೀಕರಣದ ಅಚ್ಚಿಗೆ ಕೂರುವುದಿಲ್ಲ. ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ನಮ್ಮಲ್ಲಿ ಊರು, ತಂದೆ, ಸ್ವಂತ ಹೆಸರು, ಕಾವ್ಯನಾಮ ಎಲ್ಲ ಬೆರೆತಿವೆ. ಕುವೆಂಪು ಒಂದು ಗ್ರಂಥಾಲಯದಲ್ಲಿ ಕುವೆಂಪುವಾಗಿ ಇದ್ದರೆ ಇನ್ನೊಂದರಲ್ಲಿ ‘ಪುಟ್ಟಪ್ಪ, ಕೆ.ವಿ.’ ಆಗಿರಬಹುದು. ಮಾಸ್ತಿಯವರನ್ನು ಮಾಸ್ತಿ ಎಂದೂ, ವೆಂಕಟೇಶ ಅಯ್ಯಂಗಾರ್ ಎಂದೂ, ಶ್ರೀನಿವಾಸ ಎಂದೂ ಹುಡುಕಬೇಕು. ಶ್ರೀರಂಗರ ನಾಟಕ ಸಿಗದಿದ್ದರೆ ಆದ್ಯ ರಂಗಾಚಾರ್ಯ ಎಂದು ಹಾಕಿ ನೋಡಿ. ತ್ರಿವೇಣಿಯವರ ಮೇಲಿನ ಲೇಖನಕ್ಕೆ ಅನಸೂಯಾ ಶಂಕರ್ ಎಂಬ ಹೆಸರೂ ಬೇಕಾಗುತ್ತದೆ.

ಲಿಪಿಯ ತೊಡಕೂ ಇದೆ. ಕನ್ನಡ ಪುಸ್ತಕದ ವಿವರವನ್ನು ಕೆಲವು ಕಡೆ ಕನ್ನಡದಲ್ಲೇ ನಮೂದಿಸಿರುತ್ತಾರೆ, ಕೆಲವು ಕಡೆ ರೋಮನ್ ಅಕ್ಷರದಲ್ಲಿ. ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ದಾಖಲಾದ ನಮೂದುಗಳು ಈಗಿನ ಕೀಲಿಮಣೆಯಲ್ಲಿ ಹುಡುಕಿದರೆ ಕಾಣಿಸುವುದೇ ಇಲ್ಲ. ಆದ್ದರಿಂದ ‘ಫಲಿತಾಂಶವಿಲ್ಲ’ ಎಂದು ತೆರೆಯ ಮೇಲೆ ಬಂದರೆ ಪುಸ್ತಕವೇ ಇಲ್ಲ ಎಂದು ತಿಳಿಯಬೇಡಿ. ಶೀರ್ಷಿಕೆಯ ಒಂದೇ ಪದ ಹಾಕಿ, ರೋಮನ್ ಅಕ್ಷರದಲ್ಲಿ ಎರಡು ಮೂರು ಬಗೆಯಲ್ಲಿ ಬರೆದು ನೋಡಿ, ಪ್ರಕಾಶಕರ ಹೆಸರಿನಿಂದ ಹುಡುಕಿ. ಆಗಲೂ ಸಿಗದಿದ್ದರೆ ಕೌಂಟರಿಗೆ ಹೋಗಿ ಕೇಳಿ. ಹಲವು ವರ್ಷ ಅಲ್ಲೇ ಕೆಲಸ ಮಾಡಿದ ಸಹಾಯಕರು ಕಂಪ್ಯೂಟರಿಗೆ ಗೊತ್ತಿಲ್ಲದ ಪುಸ್ತಕವನ್ನು ಕಣ್ಣುಮುಚ್ಚಿ ತೆಗೆದುಕೊಡಬಲ್ಲರು. ಕನ್ನಡ ಪುಸ್ತಕಗಳಿಗೆ ಒಂದೇ ಬಗೆಯ, ಎಲ್ಲ ಕಾವ್ಯನಾಮಗಳನ್ನೂ ನಿಜನಾಮಕ್ಕೆ ಜೋಡಿಸಿದ ಸೂಚಿಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಒಟ್ಟಾಗಿ ಮಾಡಬೇಕು ಎಂಬುದು ನನ್ನ ಬಹುದಿನದ ಆಸೆ. ಅದಕ್ಕೆ ಬೇಕಾದ ಜ್ಞಾನವೆಲ್ಲ ಈ ನಾಡಿನಲ್ಲೇ ಇದೆ.

ಸೂಚಿಯಲ್ಲಿ ಸಿಕ್ಕ ಪುಸ್ತಕಕ್ಕೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಕೈಯಲ್ಲಿ ಬರೆದುಕೊಳ್ಳಿ. ಹೆಚ್ಚಿನ ಗ್ರಂಥಾಲಯಗಳು ಬಳಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814ರಲ್ಲಿ ಬರುತ್ತದೆ. ಕೊನೆಗೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಾದಂಬರಿ ಮತ್ತು ಕಥೆ. ಕರ್ನಾಟಕದ ಇತಿಹಾಸ 954.87ರಲ್ಲಿ. ಹೊಸಬರು ಎಡವುವುದು ಚುಕ್ಕಿಯ ನಂತರ. 894.8143 ಎಂಬುದು 894.82ಕ್ಕಿಂತ ಮೊದಲು ಬರುತ್ತದೆ. ಅಂಕಿ ಉದ್ದವಾಗಿದೆ ಎಂದು ಅದು ದೊಡ್ಡ ಸಂಖ್ಯೆಯಲ್ಲ, ಚುಕ್ಕಿಯ ನಂತರ ಒಂದೊಂದೇ ಅಂಕಿಯನ್ನು ಹೋಲಿಸುತ್ತಾ ಹೋಗಬೇಕು. ಆ ಜಾಗದಲ್ಲಿ ಪುಸ್ತಕ ಇಲ್ಲದಿದ್ದರೆ ಅಕ್ಕಪಕ್ಕದ ಒಂದು ಮೊಳದಷ್ಟು ಸಾಲನ್ನು ನೋಡಿ. ಓದಿದವರು ತಪ್ಪಿ ಬೇರೆಡೆ ಸಿಕ್ಕಿಸಿರುತ್ತಾರೆ. ಆ ಹುಡುಕಾಟದಲ್ಲಿ ನೀವು ಕೇಳಿಯೇ ಇರದ, ಅದೇ ವಿಷಯದ ಇನ್ನೊಂದು ಪುಸ್ತಕ ಕಣ್ಣಿಗೆ ಬೀಳುತ್ತದೆ. ವಿಷಯದ ಪ್ರಕಾರ ಪುಸ್ತಕ ಜೋಡಿಸುವುದರ ದೊಡ್ಡ ಲಾಭವೇ ಇದು. ಓದಿ ಮುಗಿದ ಪುಸ್ತಕವನ್ನು ನೀವೇ ಕಪಾಟಿಗೆ ಸೇರಿಸಲು ಹೋಗಬೇಡಿ, ಮೇಜಿನ ಮೇಲೇ ಬಿಡಿ. ತಪ್ಪು ಜಾಗಕ್ಕೆ ಹೋದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ.

ಪರಾಮರ್ಶನ ವಿಭಾಗದ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ ಎಂದು ಆ ಕೋಣೆಯನ್ನೇ ಬಿಟ್ಟುಬಿಡುವವರು ಹೆಚ್ಚು. ನನ್ನನ್ನು ಕೇಳಿದರೆ ಮೈಸೂರಿನಲ್ಲಿ ಓದುವ ವಿದ್ಯಾರ್ಥಿಗೆ ಅದೇ ಅತ್ಯಂತ ಶ್ರೀಮಂತ ಕೋಣೆ. ಇದೇ ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿ ಅಲ್ಲಿದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳಿವೆ, 1972ರಿಂದ ಮೈಸೂರಿನಲ್ಲೇ ಸಿದ್ಧವಾಗತೊಡಗಿದ ಪರಿಷ್ಕೃತ ಸಂಪುಟಗಳಿವೆ. ಸಿ. ಹಯವದನ ರಾವ್ ಅವರ ಮೈಸೂರು ಗ್ಯಾಸೆಟಿಯರ್ ಇದೆ. ನೀವು ಓದುವ ವಿಷಯ ಯಾವುದೇ ಇರಲಿ, ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ತಾಲ್ಲೂಕಿನ ಶಾಸನಗಳನ್ನು ತೆಗೆಸಿ ನೋಡಿ. ರೈಸ್ ಆವೃತ್ತಿಯಲ್ಲಿ ನಂಜನಗೂಡು, ತಿ. ನರಸೀಪುರ, ಮಳವಳ್ಳಿಯವರಿಗೆ 3ನೇ ಸಂಪುಟ, ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಹುಣಸೂರಿನವರಿಗೆ 4ನೇ ಸಂಪುಟ. ಪರಿಷ್ಕೃತ ಆವೃತ್ತಿಯಲ್ಲಿ ತಾಲ್ಲೂಕುಗಳ ಹಂಚಿಕೆ ಬೇರೆ, ಕೌಂಟರಿನಲ್ಲಿ ಕೇಳಿ. ತನ್ನ ಊರಿನ ಕೆರೆಯನ್ನೋ ಗುಡಿಯನ್ನೋ ಯಾರು ಕಟ್ಟಿಸಿದರು, ಯಾವ ಗದ್ದೆಯನ್ನು ಯಾರಿಗೆ ದತ್ತಿ ಬಿಟ್ಟರು ಎಂಬುದು ಅಚ್ಚಾದ ಪುಸ್ತಕದಲ್ಲಿ ಕಂಡಾಗ, ಹಳ್ಳಿಯಿಂದ ಬಂದೆ ಎಂಬ ಕೀಳರಿಮೆ ಇದ್ದವರ ಮುಖ ಅರಳುವುದನ್ನು ನೋಡಿದ್ದೇನೆ.

ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿಸಬಹುದೇ ಎಂದು ಹಲವರು ಹಿಂಜರಿಯುತ್ತಾರೆ. ಸ್ವಂತ ಅಧ್ಯಯನಕ್ಕೆ ಬೇಕಾದಷ್ಟನ್ನು ನಕಲು ಮಾಡಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ವಿದ್ಯಾರ್ಥಿಗಳ ಪರವಾಗಿಯೇ ನಿಂತಿತು. ಹಾಗೆಂದು ಇಡೀ ಪುಸ್ತಕವನ್ನು ನಕಲು ಮಾಡಿಸುವುದು ಬೇಡ. ಹಳೆಯ ಬೈಂಡುಗಳನ್ನು ಯಂತ್ರದ ಮೇಲೆ ಒತ್ತಬೇಡಿ. ಅನುಮತಿ ಕೇಳಿ ಫೋನಿನಲ್ಲಿ ಫೋಟೊ ತೆಗೆದರೆ ಪುಸ್ತಕಕ್ಕೆ ಪೆಟ್ಟಾಗುವುದಿಲ್ಲ.

ಕಾಗದದ ಪುಸ್ತಕಗಳಾಚೆ ಗ್ರಂಥಾಲಯ ಕೊಡುವ ಇನ್ನೊಂದು ಸೌಲಭ್ಯವಿದೆ, ಅದು ಕಣ್ಣಿಗೆ ಕಾಣದ್ದರಿಂದ ಬಳಸುವವರು ಕಡಿಮೆ. ಸಂಶೋಧನಾ ಪತ್ರಿಕೆಗಳ ಚಂದಾ ಒಬ್ಬೊಬ್ಬರೇ ಕಟ್ಟಲಾಗದಷ್ಟು ದುಬಾರಿ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟ ‘ಒಂದು ದೇಶ ಒಂದು ಚಂದಾ’ ಯೋಜನೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆಯಲು ಮಾಡಿದ್ದು. 2025ರಿಂದ 2027ರವರೆಗೆ ಇದಕ್ಕೆ 6,000 ಕೋಟಿ ರೂಪಾಯಿ ಮೀಸಲಾಗಿದೆ. ಅಷ್ಟು ದುಡ್ಡು ನಿಮ್ಮ ಓದಿಗೆಂದೇ ತೆತ್ತದ್ದು. ನಿಮ್ಮ ಸಂಸ್ಥೆ ಅದರಲ್ಲಿ ಇದೆಯೇ, ಹಾಸ್ಟೆಲಿನಿಂದ ಓದಲು ಖಾತೆ ಹೇಗೆ ತೆರೆಯಬೇಕು ಎಂದು ಗ್ರಂಥಾಲಯದಲ್ಲಿ ಮೊದಲ ತಿಂಗಳೇ ಕೇಳಿ.

ಪಿಎಚ್.ಡಿ. ಪ್ರಬಂಧಗಳಿಗೆ ಮಾತ್ರ ಯಾವ ಖಾತೆಯೂ ಬೇಡ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ತಾಣದಲ್ಲಿ ದೇಶದ ನೂರಾರು ವಿಶ್ವವಿದ್ಯಾನಿಲಯಗಳ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಇವೆ. ಮೈಸೂರಿನವರು ಹೆಮ್ಮೆಪಡಬೇಕಾದ ಸಂಗತಿ ಎಂದರೆ, ಪ್ರಬಂಧಗಳನ್ನು ಹೀಗೆ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಡುವ ಕೆಲಸಕ್ಕೆ ಇದೇ ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗ ‘ವಿದ್ಯಾನಿಧಿ’ ಎಂಬ ಹೆಸರಿನಲ್ಲಿ 2000ದ ಹೊತ್ತಿಗೇ ಕೈಹಾಕಿತ್ತು. ಹೊಸದಾಗಿ ಸಂಶೋಧನೆ ಶುರುಮಾಡುವವರು ಒಂದು ಪ್ರಬಂಧದ ಗ್ರಂಥಋಣವನ್ನು ಓದಿದರೆ ಸಾಕು, ಮುಂದೆ ಯಾವ ಪುಸ್ತಕ ಕೇಳಬೇಕು ಎಂಬುದು ಗೊತ್ತಾಗುತ್ತದೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಆರಂಭಿಸಿದ ಡಿಜಿಟಲ್ ಗ್ರಂಥಾಲಯವೂ ಇದೆ. ಊರಿಗೆ ಹೋದಾಗ ಫೋನಿನಲ್ಲೇ ಓದಲು ಅದು ಅನುಕೂಲ.

ಮೂರನೆಯ ಬಗೆಯ ಗ್ರಂಥಾಲಯ ಕ್ರಾಫರ್ಡ್ ಹಾಲ್‌ಗೆ ದೂರವಿಲ್ಲದ ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಸರ್ಕಾರದ ಪ್ರಾಚ್ಯ ಗ್ರಂಥಾಲಯವಾಗಿ ಶುರುವಾದದ್ದು. ತಂಜಾವೂರು ಕಡೆಯ ಪಂಡಿತರೊಬ್ಬರು 1905ರಲ್ಲಿ ಇಲ್ಲಿಗೆ ತಂದುಕೊಟ್ಟ ಗ್ರಂಥ ಲಿಪಿಯ ಓಲೆಗರಿಯ ಕಟ್ಟೊಂದನ್ನು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅದನ್ನು ಅಚ್ಚಿಗೆ ತಂದರು, 1915ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಭಾರತದ ಪ್ರಾಚೀನ ರಾಜ್ಯವ್ಯವಸ್ಥೆಯ ಬಗ್ಗೆ ಜಗತ್ತು ತಿಳಿದಿದ್ದ ಎಷ್ಟೋ ಸಂಗತಿ ಅಲ್ಲಿಂದಾಚೆ ಬದಲಾಯಿತು. ಒಬ್ಬ ಗ್ರಂಥಪಾಲಕ ತನಗೆ ಬಂದ ಕಟ್ಟನ್ನು ಕಪಾಟಿಗೆ ಸೇರಿಸಿ ಸುಮ್ಮನಾಗದೆ ಓದಿದ್ದರಿಂದ ಆದ ಕೆಲಸ ಇದು.

ಇಂಥ ಕಡೆ ಹೋಗಿ ‘ಒಳಗೆ ನೋಡಬಹುದಾ’ ಎಂದರೆ ಕೆಲಸವಾಗುವುದಿಲ್ಲ. ಓಲೆಗರಿಗೆ ಪ್ರತಿ ಕೈ ತಾಗಿದಾಗಲೂ ಒಂದಿಷ್ಟು ಹಾನಿ. ಅದಕ್ಕಾಗಿಯೇ ಇಲ್ಲಿ ಅನುಮತಿ, ಕಾಯುವುದು, ಮೇಲ್ವಿಚಾರಣೆ. ವಿಭಾಗದ ಮುಖ್ಯಸ್ಥರಿಂದ ಒಂದು ಪರಿಚಯ ಪತ್ರ ತನ್ನಿ. ಅದರಲ್ಲಿ ನಿಮ್ಮ ಹೆಸರು, ತರಗತಿ, ಅಧ್ಯಯನದ ವಿಷಯ, ಯಾವ ಕೃತಿ ಅಥವಾ ಯಾವ ಬಗೆಯ ಸಾಮಗ್ರಿ ಬೇಕು, ಎಷ್ಟು ದಿನ ಬೇಕು ಎಂಬುದು ಸ್ಪಷ್ಟವಾಗಿರಲಿ. ‘ಗ್ರಂಥಾಲಯ ಬಳಸಲು ಅನುಮತಿ ಕೊಡಿ’ ಎಂಬ ಒಂದೇ ಸಾಲಿನ ಪತ್ರಕ್ಕಿಂತ ‘ಇಂಥ ಕಾವ್ಯದ ಹಸ್ತಪ್ರತಿ ಸೂಚಿಯನ್ನು ನೋಡಬೇಕು’ ಎಂಬ ಪತ್ರಕ್ಕೆ ಬೇಗ ಉತ್ತರ ಸಿಗುತ್ತದೆ. ಹೋಗುವ ಮೊದಲು ಅಚ್ಚಾದ ಹಸ್ತಪ್ರತಿ ಸೂಚಿಗಳನ್ನು ಮುಖ್ಯ ಗ್ರಂಥಾಲಯದಲ್ಲೇ ನೋಡಿಕೊಂಡು ಹೋದರೆ ಇನ್ನೂ ಒಳ್ಳೆಯದು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಗ್ರಂಥಾಲಯಕ್ಕೂ ಇದೇ ಪತ್ರದ ದಾರಿ. ಭಾಷಾವಿಜ್ಞಾನ, ಬುಡಕಟ್ಟು ಭಾಷೆಗಳು, ಅನುವಾದ ಇವುಗಳ ಮೇಲೆ ಕೆಲಸ ಮಾಡುವವರು ಮೈಸೂರಿನಲ್ಲಿದ್ದೂ ಅಲ್ಲಿಗೆ ಹೋಗದಿದ್ದರೆ ನಷ್ಟ ಅವರದೇ.

ಮೈಸೂರಿನಲ್ಲಿ ಎಲ್ಲೂ ಸಿಗದ ಕನ್ನಡ ಪುಸ್ತಕಕ್ಕೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಆ ಕೆಂಪು ಕಟ್ಟಡವನ್ನು ಹೊರಗಿನಿಂದ ಎಲ್ಲರೂ ನೋಡಿರುತ್ತಾರೆ. ರಾಜ್ಯದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿಗಳನ್ನು ಪ್ರಕಾಶಕರು ಅಲ್ಲಿಗೆ ಕಳಿಸಬೇಕೆಂಬ ನಿಯಮ ಅದೇ 1965ರ ಕಾಯ್ದೆಯಲ್ಲಿದೆ. ಬೆಳಗಿನ ರೈಲಿಗೆ ಹೋಗಿ ಸಂಜೆ ವಾಪಸಾಗಬಹುದು. ಅದಕ್ಕೂ ಮೊದಲು ನಿಮ್ಮ ಗ್ರಂಥಾಲಯ ಬೇರೆ ಗ್ರಂಥಾಲಯಗಳಿಂದ ಪುಸ್ತಕ ತರಿಸಿಕೊಡುತ್ತದೆಯೇ ಎಂದು ವಿಚಾರಿಸಿ. 1988ರಲ್ಲಿ ದೆಹಲಿಯಲ್ಲಿ ಶುರುವಾದ ಡೆಲ್‌ನೆಟ್‌ನಂಥ ಜಾಲಗಳಲ್ಲಿ ಸದಸ್ಯರಾಗಿರುವ ಸಂಸ್ಥೆಗಳಲ್ಲಿ ಈ ವ್ಯವಸ್ಥೆ ಇರುತ್ತದೆ, ಕೇಳದವರಿಗೆ ಯಾರೂ ಹೇಳುವುದಿಲ್ಲ.

ಗ್ರಂಥಪಾಲಕರ ಬಳಿ ಕೇಳುವ ಬಗೆಯನ್ನೂ ಹೇಳಿಬಿಡುತ್ತೇನೆ. ‘ಸರ್, ಜಾನಪದದ ಪುಸ್ತಕ ಬೇಕಿತ್ತು’ ಎಂದರೆ ಅವರು ಸಾಲು ತೋರಿಸಿ ಕಳಿಸುತ್ತಾರೆ. ‘ಮೇಡಂ, ಮಲೆ ಮಾದೇಶ್ವರ ಕಾವ್ಯದ ಬಗ್ಗೆ ಸೆಮಿನಾರ್ ಇದೆ, ಮೂಲ ಪಠ್ಯ ಓದಿದ್ದೇನೆ, ವಿಮರ್ಶೆ ಬೇಕು, ಶುಕ್ರವಾರದೊಳಗೆ’ ಎಂದು ಹೇಳಿ. ಏನು ಓದಿ ಮುಗಿದಿದೆ, ಏನು ಬೇಕು, ಯಾವಾಗ ಬೇಕು ಎಂಬ ಮೂರು ಸಂಗತಿ ಗೊತ್ತಾದರೆ ಅವರೇ ಎದ್ದು ಬಂದು ಹುಡುಕಿಕೊಡುತ್ತಾರೆ. ಅದು ಅವರು ಓದಿ ಕಲಿತ ಕಸುಬು, ಅದನ್ನು ಕೇಳಿ ಬರುವವರು ಕಡಿಮೆಯಾಗಿದ್ದಾರೆ ಎಂಬುದೇ ಅವರ ಬೇಸರ. ಇಂಗ್ಲಿಷಿನಲ್ಲಿ ಕೇಳಬೇಕೇನೋ ಎಂಬ ಹೆದರಿಕೆ ಬೇಡ. ಮೈಸೂರಿನ ಯಾವ ಕೌಂಟರಿನಲ್ಲೂ ಕನ್ನಡದಲ್ಲಿ ಕೇಳಲು ಸಂಕೋಚ ಪಡಬೇಕಾಗಿಲ್ಲ.

ವಿಶ್ವವಿದ್ಯಾನಿಲಯಗಳೂ ಒಂದು ಹೆಜ್ಜೆ ಮುಂದೆ ಬರಬೇಕು. ಗುರುತಿನ ಚೀಟಿ ಸಿದ್ಧವಾಗುವವರೆಗೆ ಶುಲ್ಕದ ರಸೀದಿ ನೋಡಿ ಕುಳಿತು ಓದಲು ಬಿಡುವುದಕ್ಕೆ ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ. ಒಂದು ಸುತ್ತೋಲೆ ಸಾಕು. ಪ್ರವೇಶವಾದ ಮೊದಲ ವಾರವೇ ಪ್ರತಿ ತರಗತಿಯನ್ನೂ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಓಪ್ಯಾಕಿನಲ್ಲಿ ಒಂದು ಕನ್ನಡ ಪುಸ್ತಕವನ್ನು ಹುಡುಕಿಸಿ, ಕಪಾಟಿನಿಂದ ಅವರ ಕೈಯಲ್ಲೇ ತೆಗೆಸಬೇಕು. ಅಧ್ಯಾಪಕರು ಜೊತೆಗೆ ಬಂದರೆ ವಿದ್ಯಾರ್ಥಿಗಳ ಅಳುಕು ಅರ್ಧ ಅಲ್ಲೇ ಇಳಿಯುತ್ತದೆ. ವಿಶ್ವವಿದ್ಯಾನಿಲಯದ ಓದುವ ಕೋಣೆಯನ್ನು ಊರಿನ ಓದುಗರಿಗೂ ರಜಾ ದಿನಗಳಲ್ಲಾದರೂ ತೆರೆಯುವ ಯೋಚನೆಯನ್ನು ಆಡಳಿತದವರು ಮಾಡಬೇಕು. ಊರಿನ ತೆರಿಗೆಯಿಂದ ನಡೆಯುವ ಗ್ರಂಥಾಲಯ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದಿರುವಾಗ, ಆ ಊರಿನವರಿಗೂ ಇಷ್ಟು ಸಲ್ಲಬೇಕು.

ಕೋರ್ಸು ಮುಗಿಸಿ ಹೊರಡುವವರಿಗೆ ಕೊನೆಯದಾಗಿ ಎರಡು ಕೆಲಸ. ಅಂಕಪಟ್ಟಿ, ವರ್ಗಾವಣೆ ಪತ್ರಕ್ಕೆ ಮೊದಲು ಗ್ರಂಥಾಲಯದಿಂದ ಬಾಕಿಯಿಲ್ಲ ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಪರೀಕ್ಷೆ ಮುಗಿದ ವಾರವೇ ಪುಸ್ತಕ ಮರಳಿಸಿ ಅದನ್ನು ಪಡೆದುಕೊಳ್ಳಿ, ಗೆಳೆಯರಿಗೆ ಕೊಟ್ಟ ಪುಸ್ತಕ ಎಲ್ಲಿದೆ ಎಂದು ಆಮೇಲೆ ಹುಡುಕುವುದು ಕಷ್ಟ. ಮೈಸೂರಿನಲ್ಲೇ ಕೆಲಸ ಹುಡುಕುತ್ತಾ ಉಳಿಯುವವರು ನಗರ ಕೇಂದ್ರ ಗ್ರಂಥಾಲಯದ ಸದಸ್ಯತ್ವವನ್ನು ಬಿಡಬೇಡಿ. ಊರಿಗೆ ಮರಳುವವರು ಠೇವಣಿಯ ರಸೀದಿ ಕೊಟ್ಟು ಹಣ ವಾಪಸ್ ತೆಗೆದುಕೊಳ್ಳಿ. ಊರಿನಲ್ಲಿ ‘ಅರಿವು ಕೇಂದ್ರ’ ಎಂದು ಹೆಸರು ಬದಲಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಮರಳಿದ ವಾರವೇ ವಿಚಾರಿಸಿ.